ಊರಲ್ಲೇ ಇದ್ದು ಹೊರದೇಶದ ಕಂಪನಿಯಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಇಂಟರ್ನ್‌ಶಿಪ್: ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳಿಗೆ ಮಾರ್ಗದರ್ಶಿ

ಬಿ.ಕಾಂ., ಬಿಬಿಎ, ಬಿಸಿಎ, ಎಂಬಿಎ ಅಥವಾ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಭಾಗದ ವಿದ್ಯಾರ್ಥಿಗಳು ಈಚೆಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಊರು ಬಿಡದೆ, ವೀಸಾದ ಗೊಡವೆಯಿಲ್ಲದೆ, ಲಂಡನ್ನಿನದೋ ಬರ್ಲಿನ್ನಿನದೋ ಕಂಪನಿಯಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಇಂಟರ್ನ್‌ಶಿಪ್ ಮಾಡಲು ಬರುತ್ತದೆಯೇ? ಖಂಡಿತ ಬರುತ್ತದೆ. ಡಿಜಿಟಲ್ ಮಾರ್ಕೆಟಿಂಗ್ ಪೂರ್ತಿಯಾಗಿ ಪರದೆಯ ಮೇಲೆ ನಡೆಯುವ ಕೆಲಸವಾದ್ದರಿಂದ, ಅದನ್ನು ಮಾಡುವವರು ಟಿಳಕವಾಡಿಯಲ್ಲಿ ಕೂತಿದ್ದಾರೆಯೇ ಬಾಗಲಕೋಟೆಯ ನವನಗರದಲ್ಲಿ ಕೂತಿದ್ದಾರೆಯೇ ಎಂಬುದು ಕೆಲಸಕ್ಕೆ ಅಡ್ಡಬರುವುದಿಲ್ಲ. ಆದರೆ ಹೊರದೇಶದ ಕಂಪನಿಯವರು ನಿಮ್ಮ ಕಾಲೇಜಿನ ಹೆಸರು ಕೇಳಿರುವುದಿಲ್ಲ, ನಿಮ್ಮ ಅಂಕಪಟ್ಟಿಯ ತೂಕ ಅವರಿಗೆ ತಿಳಿಯುವುದಿಲ್ಲ. ಅವರಿಗೆ ಅರ್ಥವಾಗುವುದು ನೀವು ಮಾಡಿ ಮುಗಿಸಿದ, ಲೆಕ್ಕ ತೋರಿಸಬಲ್ಲ ಒಂದು ನಿಜವಾದ ಕೆಲಸ. ಅಂಥ ಕೆಲಸ ನಿಮ್ಮ ಓಣಿಯ ತುದಿಯ ಅಂಗಡಿಯಲ್ಲೇ ಸಿಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಹಾಗಾಗಿ ಈ ಲೇಖನದಲ್ಲಿ ಆ ಹೆಜ್ಜೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ವಿಭಾಗದಲ್ಲಿ ಕೇಳಿಕೊಳ್ಳಿ

ಬೆಳಗಾವಿಯಲ್ಲಿ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಬಿ.ಇ. ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಬೇರೆ ವಿಶ್ವವಿದ್ಯಾಲಯಗಳ ಹಲವು ಪದವಿಗಳಲ್ಲೂ ಅದಕ್ಕೆ ಅಂಕಗಳಿವೆ. ಆದರೆ ಹೊರದೇಶದ ಕಂಪನಿಯಲ್ಲಿ ಆನ್‌ಲೈನ್ ಮೂಲಕ ಮಾಡಿದ್ದನ್ನು ಅಂಕಕ್ಕೆ ಪರಿಗಣಿಸುತ್ತಾರೆಯೇ ಎಂಬುದನ್ನು ಒಪ್ಪಿಕೊಳ್ಳುವ ಮೊದಲೇ ವಿಭಾಗದ ಮುಖ್ಯಸ್ಥರಲ್ಲಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದುಕೊಳ್ಳಿ. ಆಫರ್ ಲೆಟರ್ ಹೇಗಿರಬೇಕು, ಎಷ್ಟು ವಾರ ಬೇಕು, ಡೈರಿ ಬರೆಯಬೇಕೇ, ಕಾಲೇಜಿನ ಗೈಡ್ ಯಾರು ಎಂಬ ನಾಲ್ಕು ವಿಷಯ ತಿಳಿದಿದ್ದರೆ ಸಾಕು. ಅಂಕಕ್ಕೆ ಬರುವುದಿಲ್ಲವೆಂದರೂ ನಿರಾಶರಾಗಬೇಕಾಗಿಲ್ಲ. ರಜೆಯಲ್ಲಿ, ನಿಮ್ಮ ಸ್ವಂತ ಅನುಭವಕ್ಕಾಗಿ ಮಾಡಬಹುದು.

ಗಡಿಯಾರ ನೋಡಿ ದೇಶ ಆರಿಸಿ

ಯಾವ ದೇಶದ ಕಂಪನಿ ಎಂಬುದನ್ನು ನಿಮ್ಮ ಆಸೆಗಿಂತ ಹೆಚ್ಚಾಗಿ ಕಾಲೇಜಿನ ವೇಳಾಪಟ್ಟಿ ನಿರ್ಧರಿಸಬೇಕು. ಲಂಡನ್ನಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ ಇರುತ್ತದೆ. ಜರ್ಮನಿಯದು ಇನ್ನೊಂದು ಗಂಟೆ ಹತ್ತಿರ. ಅಂದರೆ ಸಂಜೆ ನಾಲ್ಕೂವರೆಗೆ ತರಗತಿ ಮುಗಿಸಿ ಐದೂವರೆಗೆ ಲ್ಯಾಪ್‌ಟಾಪ್ ತೆರೆದರೆ ಚಳಿಗಾಲದ ಲಂಡನ್ನಿನಲ್ಲಿ ಮಧ್ಯಾಹ್ನ 12 ಗಂಟೆ. ಅರ್ಧ ದಿನದ ಕೆಲಸ ಅವರ ಜೊತೆಯಲ್ಲೇ ಮಾಡಬಹುದು. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಆಗುವಾಗ ನಮ್ಮಲ್ಲಿ ಚಳಿಗಾಲದಲ್ಲಿ ರಾತ್ರಿ ಏಳೂವರೆ, ಬೇಸಿಗೆಯಲ್ಲಿ ಆರೂವರೆ. ಅಲ್ಲಿನ ಪೂರ್ತಿ ದಿನಕ್ಕೆ ಹೊಂದಿಕೊಳ್ಳಲು ಹೋದರೆ ನಮ್ಮ ನಿದ್ದೆ ಹಾಳಾಗುತ್ತದೆ, ಮರುದಿನದ ತರಗತಿಯೂ ಹಾಳಾಗುತ್ತದೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಅವರ ಕೆಲಸದ ಹೊತ್ತು ನಮ್ಮ ತರಗತಿಯ ಹೊತ್ತಿಗೇ ಬರುತ್ತದೆ. ಸೆಮಿಸ್ಟರ್ ನಡೆಯುತ್ತಿರುವಾಗ ಮಾಡುವುದಾದರೆ ಬ್ರಿಟನ್ ಮತ್ತು ಯುರೋಪ್ ಎಲ್ಲಕ್ಕಿಂತ ಅನುಕೂಲ.

ಇನ್ನೊಂದು ವಿಷಯ ಗಮನದಲ್ಲಿರಲಿ: ಅಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಮತ್ತು ನವೆಂಬರ್ ತಿಂಗಳ ಮೊದಲ ಭಾನುವಾರ, ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಇದು ನಡೆಯುತ್ತದೆ. ಆ ವಾರಗಳಲ್ಲಿ ಸಂದರ್ಶನವಿದ್ದರೆ ಸಮಯವನ್ನು ಮನಸ್ಸಿನಲ್ಲೇ ಲೆಕ್ಕ ಹಾಕದೆ ಗೂಗಲ್ ಕ್ಯಾಲೆಂಡರಿನ ಆಹ್ವಾನವನ್ನೇ ನಂಬಿ.

ಕಲಿಯಬೇಕಾದದ್ದು ಎಷ್ಟು

ಸಾವಿರಾರು ರೂಪಾಯಿ ಶುಲ್ಕ ಕೊಟ್ಟು ಕೋರ್ಸ್ ಸೇರುವ ಮೊದಲು ಉಚಿತವಾಗಿ ಸಿಗುವುದನ್ನು ಮುಗಿಸಿ. ಗೂಗಲ್‌ನ ಸ್ಕಿಲ್‌ಶಾಪ್‌ನಲ್ಲಿ ಗೂಗಲ್ ಆ್ಯಡ್ಸ್ (ಜಾಹೀರಾತು ಹಾಕುವ ಸಾಧನ) ಮತ್ತು ಗೂಗಲ್ ಅನಾಲಿಟಿಕ್ಸ್ (ಜಾಲತಾಣಕ್ಕೆ ಬಂದವರ ಲೆಕ್ಕ ತೋರಿಸುವ ಸಾಧನ) ಪಾಠಗಳೂ ಪರೀಕ್ಷೆಗಳೂ ಉಚಿತ. ಉತ್ತೀರ್ಣರಾಗಲು ಶೇ. 80 ಅಂಕ ಬೇಕು, ಪ್ರಮಾಣಪತ್ರ ಒಂದು ವರ್ಷ ನಡೆಯುತ್ತದೆ. ಹಬ್‌ಸ್ಪಾಟ್ ಅಕಾಡೆಮಿಯಲ್ಲಿ ಕಂಟೆಂಟ್ ಮತ್ತು ಇಮೇಲ್ ಮಾರ್ಕೆಟಿಂಗ್ ಕುರಿತ ಉಚಿತ ಪಾಠಗಳಿವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆತನದ ಮೆಟಾ ಕಂಪನಿಯ ಬ್ಲೂಪ್ರಿಂಟ್‌ನಲ್ಲಿ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಆರಂಭದಲ್ಲಿ ಅದು ಬೇಕಿಲ್ಲ.

ಹಳೆಯ ವಿಡಿಯೊಗಳ ಬಗ್ಗೆ ಎಚ್ಚರವಿರಲಿ. ಗೂಗಲ್ ಅನಾಲಿಟಿಕ್ಸ್‌ನ ಹಿಂದಿನ ರೂಪವಾದ ಯುನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ದತ್ತಾಂಶ ದಾಖಲಿಸುವುದನ್ನು ನಿಲ್ಲಿಸಿದೆ. ಈಗ ಇರುವುದು ಜಿಎ4, ಅಂದರೆ ಗೂಗಲ್ ಅನಾಲಿಟಿಕ್ಸ್ 4. ಜಾಲತಾಣ ನಿಮ್ಮದಿಲ್ಲದಿದ್ದರೂ ಇದನ್ನು ಕಲಿಯಲು ತೊಂದರೆಯಿಲ್ಲ. ಗೂಗಲ್ ತನ್ನ ಮರ್ಚಂಡೈಸ್ ಅಂಗಡಿಯ ನಿಜವಾದ ಅಂಕಿಅಂಶಗಳಿರುವ ಡೆಮೊ ಖಾತೆಯನ್ನು ಎಲ್ಲರಿಗೂ ತೆರೆದಿಟ್ಟಿದೆ. ಜನ ಎಲ್ಲಿಂದ ಬಂದರು, ಯಾವ ಪುಟದಲ್ಲಿ ನಿಂತರು, ಎಲ್ಲಿ ಬಿಟ್ಟುಹೋದರು ಎಂಬುದನ್ನು ದಿನಕ್ಕೆ ಅರ್ಧ ಗಂಟೆ ಅಲ್ಲಿ ಹುಡುಕಿ ನೋಡಿ. ಜಾಹೀರಾತು ಬರೆಯುವುದನ್ನೂ ಕಾಗದದ ಮೇಲೆಯೇ ಅಭ್ಯಾಸ ಮಾಡಬಹುದು: ಗೂಗಲ್‌ನ ಸರ್ಚ್ ಜಾಹೀರಾತಿಗೆ ತಲಾ 30 ಅಕ್ಷರ ಮೀರದ 15 ಶೀರ್ಷಿಕೆಗಳನ್ನೂ 90 ಅಕ್ಷರ ಮೀರದ ನಾಲ್ಕು ವಿವರಣೆಗಳನ್ನೂ ಕೊಡಲು ಅವಕಾಶವಿದೆ. ಇಳಕಲ್ ಸೀರೆಯ ಒಂದು ಅಂಗಡಿಗೆ ಒಂದನ್ನೊಂದು ಹೋಲದ 15 ಶೀರ್ಷಿಕೆ ಬರೆಯಲು ಕೂತರೆ, ಐದಾರರ ಆಚೆ ಹೋಗುವುದು ಎಷ್ಟು ಕಷ್ಟ ಎಂಬುದು ತಿಳಿಯುತ್ತದೆ. ಸೆರಗಿನ ತೋಪು ತೆನೆ, ಅಂಚು, ಕಸೂತಿ, ಬೆಲೆ, ಮನೆಗೆ ಕಳಿಸುವ ವ್ಯವಸ್ಥೆ ಹೀಗೆ ಒಂದೊಂದಾಗಿ ಯೋಚಿಸಿದಾಗಲೇ ಉಳಿದವು ಹೊಳೆಯುತ್ತವೆ.

ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ಸರ್ಚ್ (ಹುಡುಕಿದಾಗ ಜಾಲತಾಣ ಮೇಲೆ ಬರುವಂತೆ ಮಾಡುವುದು), ಸೋಷಿಯಲ್ ಮೀಡಿಯಾ, ಇಮೇಲ್, ಜಾಹೀರಾತು ಈ ನಾಲ್ಕರಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿಯಿರಿ, ಉಳಿದವುಗಳ ಪರಿಚಯವಿದ್ದರೆ ಸಾಕು.

ಊರಿನ ಒಂದು ಅಂಗಡಿ, ಎರಡು ತಿಂಗಳ ಕೆಲಸ

ಈಗ ಮುಖ್ಯ ಹೆಜ್ಜೆಗೆ ಬರೋಣ. ಬೆಳಗಾವಿಯ ಕುಂದಾ, ಗೋಕಾಕ ಮತ್ತು ಅಮೀನಗಡದ ಕರದಂಟು, ಇಳಕಲ್ ಸೀರೆ, ಗುಳೇದಗುಡ್ಡದ ಖಣ, ವಿಜಯಪುರದ ಒಣದ್ರಾಕ್ಷಿ, ಇಂಡಿಯ ಲಿಂಬೆ ಹೀಗೆ ನಮ್ಮ ಮೂರು ಜಿಲ್ಲೆಗಳಲ್ಲಿ ಹೆಸರಿಗೆ ಬರವಿಲ್ಲ. ಬಾದಾಮಿ, ಪಟ್ಟದಕಲ್ಲು, ಗೋಳಗುಮ್ಮಟ ನೋಡಲು ಬರುವವರಿಗೆ ಊಟ ವಸತಿ ಕೊಡುವವರೂ ಬಹಳ. ಇವರಲ್ಲಿ ನಿಮ್ಮ ಮನೆಯವರಿಗೆ ಪರಿಚಯವಿರುವ ಒಬ್ಬರನ್ನು ಆರಿಸಿಕೊಳ್ಳಿ. "ಕಾಕಾರ, ನಿಮ್ಮ ಅಂಗಡೀದು ಗೂಗಲ್ ಮ್ಯಾಪ್‌ನ್ಯಾಗ ನಂಬರ್ ತಪ್ಪೈತಿ, ನಾ ಸರಿ ಮಾಡಿಕೊಡ್ತೀನಿ, ರೊಕ್ಕ ಬ್ಯಾಡ" ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ.

ಗೂಗಲ್ ಸರ್ಚ್ ಮತ್ತು ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ಆರಂಭಿಸಿ, ಏಕೆಂದರೆ ಅದು ಉಚಿತ, ಫಲ ಬೇಗ ಕಾಣುತ್ತದೆ. ಮಾಲೀಕರ ಪಾಸ್‌ವರ್ಡ್ ಕೇಳಲೇಬೇಡಿ. ಅವರ ಖಾತೆಯಿಂದ ನಿಮ್ಮನ್ನು ಮ್ಯಾನೇಜರ್ ಆಗಿ ಸೇರಿಸಿಕೊಳ್ಳಲು ಹೇಳಿ. ಮುಂದೆ ಕಂಪನಿಗಳಲ್ಲೂ ಪ್ರವೇಶಾಧಿಕಾರ ಕೊಡುವುದು ಹೀಗೆಯೇ, ಆ ಶಿಸ್ತು ಈಗಲೇ ಬರಲಿ. ಏನನ್ನೂ ಮುಟ್ಟುವ ಮೊದಲು ಈಗಿನ ಸ್ಥಿತಿಯನ್ನು ದಾಖಲಿಸಿಕೊಳ್ಳಿ: ಕಳೆದ ತಿಂಗಳುಗಳಲ್ಲಿ ಎಷ್ಟು ಫೋನ್ ಕರೆ, ದಾರಿ ಕೇಳಿದವರು ಎಷ್ಟು, ಜಾಲತಾಣಕ್ಕೆ ಹೋದವರು ಎಷ್ಟು ಎಂಬುದು ಪರ್ಫಾರ್ಮೆನ್ಸ್ ಪುಟದಲ್ಲಿ ಸಿಗುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಕೆಲಸ: ಕಿರಾಣಿ ಅಂಗಡಿ ಎಂದು ದಾಖಲಾಗಿದ್ದರೆ ಮಿಠಾಯಿ ಅಂಗಡಿ ಎಂದು ವರ್ಗ ಬದಲಿಸುವುದು, ತೆರೆಯುವ ಮುಚ್ಚುವ ಸಮಯ, ವಾರದ ರಜೆ, ಹಗಲು ಬೆಳಕಿನಲ್ಲಿ ತೆಗೆದ ಫೋಟೊ, ತೂಕ ಮತ್ತು ಬೆಲೆಯ ಸಮೇತ ಪದಾರ್ಥಗಳ ಪಟ್ಟಿ, ಗ್ರಾಹಕರ ಅಭಿಪ್ರಾಯಗಳಿಗೆ ಮಾಲೀಕರ ಪರವಾಗಿ ಉತ್ತರ. ಗೆಳೆಯರಿಂದ ಸುಳ್ಳು ರಿವ್ಯೂ ಬರೆಸಬೇಡಿ. ಅದು ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ತೊಂದರೆಗೆ ಒಳಗಾಗುವುದು ಅಂಗಡಿಯವರು.

ಜನ ಏನೆಂದು ಹುಡುಕುತ್ತಾರೆ ಎಂಬುದರಲ್ಲಿ ನಮ್ಮ ಭಾಗದವರಿಗೆ ಒಂದು ವಿಶೇಷ ಪಾಠವಿದೆ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಗಿ, ಬಿಜಾಪುರ ವಿಜಯಪುರವಾಗಿ ಅಧಿಕೃತವಾಗಿ ಬದಲಾದವು, ಆದರೆ ಹೊರಗಿನ ಊರುಗಳ ಗ್ರಾಹಕರು ಹಳೆಯ ಹೆಸರಿನಲ್ಲಿಯೇ ಹುಡುಕುವುದು ಇನ್ನೂ ನಿಂತಿಲ್ಲ. ಜಾಲತಾಣದಲ್ಲಿ ಹೊಸ ಹೆಸರು ಮಾತ್ರ ಇದ್ದರೆ ಅಂಥವರಲ್ಲಿ ಕೆಲವರು ತಪ್ಪಿಹೋಗಬಹುದು. ಇನ್ನೊಂದು ಕಡೆ, ಛತ್ತೀಸಗಡದಲ್ಲಿಯೂ ಬಿಜಾಪುರ ಎಂಬ ಜಿಲ್ಲೆಯಿದೆ. ಜಾಹೀರಾತು ಹಾಕುವಾಗ ಸ್ಥಳವನ್ನು ನೋಡದೆ ಆರಿಸಿದರೆ ದ್ರಾಕ್ಷಿ ವ್ಯಾಪಾರಿಯ ಹಣ ಅಲ್ಲಿಗೆ ಹರಿದುಹೋಗುತ್ತದೆ. ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡೂ ಹೆಸರುಗಳನ್ನು ಪಕ್ಕಪಕ್ಕದಲ್ಲಿ ಹೋಲಿಸಿ, ಕರದಂಟು ಎಂಬುದನ್ನು ಇಂಗ್ಲಿಷಿನಲ್ಲಿ ಜನ ಎಷ್ಟು ಬಗೆಯಲ್ಲಿ ಬರೆಯುತ್ತಾರೆಂದು ಗೂಗಲ್ ಆ್ಯಡ್ಸ್‌ನ ಕೀವರ್ಡ್ ಪ್ಲ್ಯಾನರ್‌ನಲ್ಲಿ ನೋಡಿ, ಕಂಡದ್ದನ್ನು ಅರ್ಧ ಪುಟದಲ್ಲಿ ಬರೆದಿಡಿ. ಇಂಥ ಸೂಕ್ಷ್ಮವನ್ನು ತೋರಿಸುವ ಅರ್ಜಿ ಪ್ರಮಾಣಪತ್ರಗಳ ರಾಶಿಗಿಂತ ಬಲವಾದದ್ದು.

ಜಾಹೀರಾತಿಗೆ ಮಾಲೀಕರು ಸಣ್ಣ ಮೊತ್ತ ಕೊಡಲು ಒಪ್ಪಿದರೆ ಅದೂ ಆಗಲಿ, ಆದರೆ ಲೆಕ್ಕ ಕೊನೆಯವರೆಗೆ ಹೋಗಬೇಕು. ಉದಾಹರಣೆಗೆ, 1,500 ರೂಪಾಯಿ ಖರ್ಚಾಗಿ 300 ಕ್ಲಿಕ್ ಬಂದವು ಎಂದುಕೊಳ್ಳಿ. ಕ್ಲಿಕ್ಕಿಗೆ 5 ರೂಪಾಯಿ, ನೋಡಲು ಚೆನ್ನಾಗಿದೆ. ಅದರಲ್ಲಿ ಫೋನ್ ಮಾಡಿದವರು 12 ಜನ, ಅಂದರೆ ಒಂದು ಕರೆಗೆ 125 ರೂಪಾಯಿ. ಕೊಂಡವರು ನಾಲ್ಕೇ ಜನ, ಅಂದರೆ ಒಂದು ಆರ್ಡರಿಗೆ 375 ರೂಪಾಯಿ. ಒಂದು ಆರ್ಡರಿನಲ್ಲಿ ಅಂಗಡಿಗೆ ಉಳಿಯುವ ಲಾಭ 150 ರೂಪಾಯಿ ಆಗಿದ್ದರೆ ಈ ಜಾಹೀರಾತು ನಷ್ಟದ್ದು. ಅನೇಕರು ಕ್ಲಿಕ್ಕಿನ ಲೆಕ್ಕಕ್ಕೇ ನಿಂತುಬಿಡುತ್ತಾರೆ. ನೀವು ನಷ್ಟವನ್ನು ನಷ್ಟವೆಂದೇ ಬರೆದು, ಅದು ಏಕೆ ಆಯಿತು, ಮುಂದಿನ ಸಲ ಏನು ಬದಲಿಸುತ್ತೀರಿ ಎಂದು ತಿಳಿಸಿದರೆ ಓದುವ ಮ್ಯಾನೇಜರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ.

ಯಾವ ಗ್ರಾಹಕರು ಯಾವ ದಾರಿಯಿಂದ ಬಂದರೆಂದು ತಿಳಿಯಲು ಯುಟಿಎಂ ಎಂಬ ಗುರುತುಗಳನ್ನು ಲಿಂಕಿಗೆ ಸೇರಿಸುವುದನ್ನು ಕಲಿಯಿರಿ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದ ಲಿಂಕ್ ಬೇರೆ, ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದು ಬೇರೆ ಎಂದು ಗುರುತು ಮಾಡಿದರೆ ಜಿಎ4ನಲ್ಲಿ ಅವು ಪ್ರತ್ಯೇಕವಾಗಿ ಕಾಣುತ್ತವೆ. ಹೆಸರುಗಳನ್ನು ಯಾವಾಗಲೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಬರೆಯಿರಿ. ದೊಡ್ಡಕ್ಷರ ಸಣ್ಣಕ್ಷರ ಬೆರೆತರೆ ಒಂದೇ ಮೂಲ ವರದಿಯಲ್ಲಿ ಎರಡಾಗಿ ಒಡೆಯುತ್ತದೆ.

ಎರಡು ತಿಂಗಳ ನಂತರ ಮೊದಲಿನ ಮತ್ತು ಈಗಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಎರಡು ಪುಟದ ವರದಿ ಬರೆಯಿರಿ. ಇಲ್ಲಿ ಪ್ರಾಮಾಣಿಕತೆ ಅತಿ ಮುಖ್ಯ. ಸಿಹಿತಿಂಡಿ ಅಂಗಡಿಗೆ ದೀಪಾವಳಿಯ ತಿಂಗಳಲ್ಲಿ ಕರೆಗಳು ಹೆಚ್ಚುವುದು ಸಹಜ. ಅದನ್ನೆಲ್ಲ ನಿಮ್ಮ ಕೆಲಸದ ಫಲವೆಂದು ಬರೆದರೆ ಅನುಭವಸ್ಥರು ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ. ಹಿಂದಿನ ವರ್ಷದ ಅದೇ ತಿಂಗಳೊಡನೆ ಹೋಲಿಸಿ, ಹಬ್ಬದ ಪರಿಣಾಮವನ್ನು ನೀವೇ ಎತ್ತಿ ಹೇಳಿ. ವರದಿಯನ್ನು ಬೇರೆಯವರಿಗೆ ತೋರಿಸಲು ಮಾಲೀಕರ ಒಪ್ಪಿಗೆಯನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.

ಎಲ್ಲಿ ಹುಡುಕಬೇಕು, ಹೇಗೆ ಬರೆಯಬೇಕು

ಲಿಂಕ್ಡ್‌ಇನ್‌ನಲ್ಲಿ ದೇಶವನ್ನೂ ರಿಮೋಟ್ ಎಂಬ ಆಯ್ಕೆಯನ್ನೂ ಒತ್ತಿದರೆ ನೂರಾರು ಜಾಹೀರಾತು ಬರುತ್ತವೆ, ಆದರೆ ಅವುಗಳಲ್ಲಿ ಬಹಳಷ್ಟು ಆ ದೇಶದಲ್ಲಿ ಕೆಲಸ ಮಾಡುವ ಹಕ್ಕು ಇರುವವರಿಗೆ ಮಾತ್ರ. ಆ ಷರತ್ತು ಇದೆಯೇ ಎಂದು ಮೊದಲು ನೋಡಿ, ಇದ್ದರೆ ಅದನ್ನು ಬಿಟ್ಟು ಮುಂದಿನ ಜಾಹೀರಾತಿಗೆ ಹೋಗಿ. ಸ್ಟಾರ್ಟಪ್‌ಗಳಿಗಾಗಿ ವೆಲ್‌ಫೌಂಡ್, ಭಾರತದಿಂದಲೇ ಇಂಟರ್ನ್‌ಗಳನ್ನು ಹುಡುಕುವ ಕಂಪನಿಗಳಿಗಾಗಿ ಇಂಟರ್ನ್‌ಶಾಲಾ ನೋಡಿ. ಇನ್ನೂ ಏನೂ ಅನುಭವವಿಲ್ಲ ಎನ್ನುವವರಿಗೆ ಎರಡು ದಾರಿಗಳಿವೆ. ಫೋರೇಜ್ ಎಂಬ ತಾಣದಲ್ಲಿ ಕಂಪನಿಗಳು ಸಿದ್ಧಪಡಿಸಿದ ಮಾದರಿ ಕೆಲಸಗಳನ್ನು ಉಚಿತವಾಗಿ ಮಾಡಬಹುದು. ಅದು ಇಂಟರ್ನ್‌ಶಿಪ್ ಅಲ್ಲ, ಅಭ್ಯಾಸ ಮಾತ್ರ. ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗವು 18 ವರ್ಷ ತುಂಬಿದವರಿಗೆ ಆನ್‌ಲೈನ್ ಸ್ವಯಂಸೇವೆಯ ಅವಕಾಶ ಕೊಡುತ್ತದೆ. ಸಂಬಳವಿಲ್ಲ, ಆದರೆ ಬರವಣಿಗೆ, ವಿನ್ಯಾಸ, ಪ್ರಚಾರದ ಕೆಲಸಗಳನ್ನು ಬೇರೆ ಬೇರೆ ದೇಶದವರೊಡನೆ ಮಾಡಿದ ನಿಜವಾದ ಅನುಭವ ಸಿಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಜಾಹೀರಾತಿಗೆ ಅರ್ಜಿ ಹಾಕುವುದಕ್ಕಿಂತ, ಹತ್ತು ಹದಿನೈದು ಜನರಿರುವ ಸಣ್ಣ ಏಜೆನ್ಸಿಗಳಿಗೆ ನೇರವಾಗಿ ಬರೆಯುವುದು ಹೆಚ್ಚು ಫಲ ಕೊಡುತ್ತದೆ. ಅಲ್ಲಿ ನಿಮ್ಮ ಪತ್ರ ನಿರ್ಧಾರ ತೆಗೆದುಕೊಳ್ಳುವವರ ಕೈಗೇ ಹೋಗುತ್ತದೆ. ವಾರಕ್ಕೆ ಐದು ಪತ್ರ ಸಾಕು, ಆದರೆ ಪ್ರತಿಯೊಂದನ್ನೂ ಆ ಕಂಪನಿಯ ಜಾಲತಾಣವನ್ನು ಓದಿಯೇ ಬರೆಯಬೇಕು. ಪತ್ರದ ಒಳಗೆ ಹೀಗಿರಲಿ: ಮೊದಲ ಸಾಲಿನಲ್ಲಿ ನೀವು ಯಾರು, ಎಷ್ಟು ವಾರ, ವಾರಕ್ಕೆ ಎಷ್ಟು ಗಂಟೆ ಸಿಗುತ್ತೀರಿ. ಎರಡನೆಯ ಭಾಗದಲ್ಲಿ ಅವರ ಕೆಲಸದಲ್ಲಿ ನೀವು ಗಮನಿಸಿದ ಒಂದು ವಿಷಯ, ಉದಾಹರಣೆಗೆ ಅವರ ಯಾವುದೋ ಪುಟದ ಶೀರ್ಷಿಕೆ ಸರ್ಚ್ ಫಲಿತಾಂಶದಲ್ಲಿ ಅರ್ಧಕ್ಕೆ ಕತ್ತರಿಸಿಹೋಗುತ್ತಿದೆ ಎಂದು ತಿಳಿಸಿ, ಅದಕ್ಕೆ ನೀವು ಸೂಚಿಸುವ ಚಿಕ್ಕ ಶೀರ್ಷಿಕೆ. ಮೂರನೆಯದಾಗಿ ನಿಮ್ಮ ಅಂಗಡಿಯ ವರದಿಯ ಲಿಂಕ್. ಅಷ್ಟೇ, ನೂರೈವತ್ತು ಪದ ಮೀರಬಾರದು. 'ರೆಸ್ಪೆಕ್ಟೆಡ್ ಸರ್' ಎಂದು ಆರಂಭಿಸಿ 'ಕೈಂಡ್ಲಿ ಡು ದಿ ನೀಡ್‌ಫುಲ್' ಎಂದು ಮುಗಿಸುವ ನಮ್ಮ ಕಚೇರಿ ಇಂಗ್ಲಿಷ್ ಅಲ್ಲಿಯವರಿಗೆ ವಿಚಿತ್ರವಾಗಿ ಕೇಳುತ್ತದೆ. ಹೆಸರು ಹಿಡಿದು ಸಂಬೋಧಿಸಿ, ನೇರವಾಗಿ ಬರೆಯಿರಿ. ಒಂದು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಮತ್ತೆ ಬರೆಯಬೇಡಿ. ಆಗಸ್ಟ್‌ನಲ್ಲಿ ಯುರೋಪಿನ ಅರ್ಧ ಜನ ರಜೆಯಲ್ಲಿರುತ್ತಾರೆ, ಡಿಸೆಂಬರ್ ಕೊನೆಯಲ್ಲಿ ಕ್ರಿಸ್‌ಮಸ್; ಆಗ ಮೌನವನ್ನು ತಿರಸ್ಕಾರವೆಂದು ತಿಳಿಯಬಾರದು.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರಿ ಅರ್ಜಿಯನ್ನೇ ಹಾಕದೆ ಇರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಇಂಥ ಕೆಲಸದಲ್ಲಿ ಮುಕ್ಕಾಲು ಪಾಲು ಬರವಣಿಗೆ; ಬರೆದದ್ದನ್ನು ತಿದ್ದಲು ಸಮಯವಿರುತ್ತದೆ. ಕನ್ನಡ, ಮರಾಠಿ, ಹಿಂದಿ ಮೂರೂ ಬರುವ ಬೆಳಗಾವಿಯ ಹುಡುಗಿಗೆ, ಉರ್ದು ಕೂಡ ಬರುವ ವಿಜಯಪುರದ ಹುಡುಗನಿಗೆ ಭಾರತೀಯ ಗ್ರಾಹಕರನ್ನು ತಲುಪಬೇಕೆಂದಿರುವ ಹೊರದೇಶದ ಕಂಪನಿಯಲ್ಲಿ ಬೆಲೆಯಿದೆ. ಆ ಭಾಷೆಗಳನ್ನು ಬಯೋಡೇಟಾದ ಕೊನೆಯಲ್ಲಿ ಅಡಗಿಸದೆ ಮೇಲೆಯೇ ಬರೆಯಿರಿ.

ಮೋಸವನ್ನು ಗುರುತಿಸುವುದು

ಕೆಲಸ ಕೊಡುತ್ತೇವೆಂದು ನಿಮ್ಮಿಂದಲೇ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ವೆಚ್ಚ ಹೀಗೆ ಹೆಸರು ಬೇರೆ ಬೇರೆಯಾದರೂ ಉದ್ದೇಶ ಒಂದೇ. ಶುಲ್ಕ ಪಡೆದು ಇಂಟರ್ನ್‌ಶಿಪ್ ಹುಡುಕಿಕೊಡುವ ಕಾನೂನುಬದ್ಧ ಸಂಸ್ಥೆಗಳೂ ಇವೆ, ಆದರೆ ಅವುಗಳಿಗಾಗಿ ಮನೆಯವರು ಸಾಲ ಮಾಡುವ ಅಗತ್ಯ ಖಂಡಿತ ಇಲ್ಲ. ಟೆಲಿಗ್ರಾಮ್‌ನಲ್ಲಿ ವಿಡಿಯೊ ಲೈಕ್ ಮಾಡಿದರೆ ದುಡ್ಡು ಎಂದು ಆರಂಭವಾಗಿ, ನಂತರ ಹೆಚ್ಚು ಗಳಿಸಲು ಹಣ ಹಾಕಿ ಎನ್ನುವುದಕ್ಕೂ ಡಿಜಿಟಲ್ ಮಾರ್ಕೆಟಿಂಗ್‌ಗೂ ಸಂಬಂಧವಿಲ್ಲ.

ಕಂಪನಿ ನಿಜವೇ ಎಂದು ನೋಡಲು ಐದು ನಿಮಿಷ ಸಾಕು. ಬ್ರಿಟನ್ನಿನ ಕಂಪನಿಯಾದರೆ ಕಂಪನೀಸ್ ಹೌಸ್ ಎಂಬ ಸರ್ಕಾರಿ ನೋಂದಣಿ ತಾಣದಲ್ಲಿ ಹೆಸರು ಹಾಕಿ ಯಾವಾಗ ಆರಂಭವಾಯಿತು, ನಿರ್ದೇಶಕರು ಯಾರು, ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಉಚಿತವಾಗಿ ನೋಡಬಹುದು. ಪತ್ರ ಬಂದದ್ದು ಕಂಪನಿಯ ಸ್ವಂತ ಡೊಮೇನಿನಿಂದಲೇ ಅಥವಾ ಜಿಮೇಲ್‌ನಿಂದಲೇ ನೋಡಿ. ವಿಡಿಯೊ ಕರೆಯಲ್ಲಿ ಮುಖ ತೋರಿಸದೆ ಆಫರ್ ಲೆಟರ್ ಕಳಿಸುವವರನ್ನು ನಂಬಬೇಡಿ.

ಇವೆಲ್ಲಕ್ಕಿಂತ ಅಪಾಯಕಾರಿಯಾದವು ಇನ್ನೆರಡು. ಗ್ರಾಹಕರ ಹಣ ನಿಮ್ಮ ಖಾತೆಗೆ ಬರುತ್ತದೆ, ನಿಮ್ಮ ಪಾಲು ಇಟ್ಟುಕೊಂಡು ಉಳಿದದ್ದನ್ನು ಬೇರೆ ಖಾತೆಗೆ ಕಳಿಸಿ ಎಂದರೆ ಅದು ಕದ್ದ ಹಣವನ್ನು ಸಾಗಿಸುವ ಜಾಲ. ಪೊಲೀಸರು ಮೊದಲು ಬರುವುದು ಖಾತೆಯ ಮಾಲೀಕರ ಮನೆಗೆ. ನಿಮ್ಮ ಸ್ವಂತ ಫೇಸ್‌ಬುಕ್ ಜಾಹೀರಾತು ಖಾತೆಯನ್ನೋ ನಿಮ್ಮ ಕಾರ್ಡನ್ನೋ ಬಳಸಿ ಜಾಹೀರಾತು ಓಡಿಸಿ ಎಂದರೂ ಒಪ್ಪಬೇಡಿ. ಹಣ ಕಳೆದುಕೊಂಡಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಸಂದರ್ಶನ ಮತ್ತು ಒಪ್ಪಂದ

ಸಂದರ್ಶನದ ದಿನ ಕರೆಂಟ್ ಹೋಗುತ್ತದೆ ಎಂದೇ ಭಾವಿಸಿ ಸಿದ್ಧರಾಗಿ. ರೌಟರ್‌ಗೆ ಸಣ್ಣ ಯುಪಿಎಸ್, ಇಲ್ಲವೇ ಫೋನಿನಲ್ಲಿ ಸಾಕಷ್ಟು ಡೇಟಾ ಮತ್ತು ಪೂರ್ತಿ ಚಾರ್ಜ್ ಇರಲಿ. ಹಾಸ್ಟೆಲಿನಲ್ಲಿ ಇರುವವರು ರಾತ್ರಿಯ ಮೀಟಿಂಗ್‌ಗಳ ವಿಷಯವನ್ನು ವಾರ್ಡನ್‌ಗೆ ಮೊದಲೇ ತಿಳಿಸಿ, ಕಂಪನಿಯ ಪತ್ರ ತೋರಿಸಿ ಅನುಮತಿ ಪಡೆಯಿರಿ. ಮನೆಯಲ್ಲಿರುವವರೂ ಅವ್ವ ಅಪ್ಪನಿಗೆ ಯಾರೊಡನೆ, ಎಷ್ಟು ಹೊತ್ತು ಮಾತಾಡುತ್ತೀರೆಂದು ತಿಳಿಸಿದರೆ ಅವರ ಆತಂಕ ಕಳೆಯುತ್ತದೆ. ಪರೀಕ್ಷೆಯ ತಿಂಗಳನ್ನು ಸಂದರ್ಶನದಲ್ಲೇ ಹೇಳಿಬಿಡಿ. ಮುಚ್ಚಿಟ್ಟು ನಂತರ ರಜೆ ಕೇಳುವುದಕ್ಕಿಂತ ಅದು ಉತ್ತಮ.

ಒಪ್ಪಂದದಲ್ಲಿ ಅವಧಿ, ವಾರದ ಗಂಟೆಗಳು, ಮೇಲ್ವಿಚಾರಕರ ಹೆಸರು, ಸ್ಟೈಪೆಂಡ್ ಇದ್ದರೆ ಯಾವ ಕರೆನ್ಸಿಯಲ್ಲಿ ಯಾವ ದಿನ ಎಂಬುದು, ಮುಗಿದ ಮೇಲೆ ಪ್ರಮಾಣಪತ್ರ ಇವು ಬರಹದಲ್ಲಿ ಇರಬೇಕು. ನೀವು ಮಾಡಿದ ಕೆಲಸವನ್ನು ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದೇ ಎಂಬುದನ್ನು ಈಗಲೇ ಕೇಳಿ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಕೇಳಿದರೆ ತಡವಾಗಿರುತ್ತದೆ. ಬಹಳಷ್ಟು ಕಂಪನಿಗಳು ಭಾರತದಲ್ಲಿರುವವರನ್ನು ನೌಕರರೆಂದು ಸೇರಿಸಿಕೊಳ್ಳದೆ ಸ್ವತಂತ್ರ ಗುತ್ತಿಗೆದಾರರೆಂದು ಬರೆಯುತ್ತವೆ, ಅದರಿಂದ ಗಾಬರಿಯಾಗಬೇಕಿಲ್ಲ. ಸಂಬಳವಿಲ್ಲದ ಇಂಟರ್ನ್‌ಶಿಪ್ ಒಪ್ಪಿಕೊಳ್ಳುವುದಾದರೆ ವಾರಕ್ಕೆ ಹತ್ತು ಹನ್ನೆರಡು ಗಂಟೆ ಮೀರದಂತೆ, ಕಲಿಸುವವರು ಒಬ್ಬರು ಇರುವಂತೆ ನೋಡಿಕೊಳ್ಳಿ. ಪೂರ್ತಿ ದಿನ ದುಡಿಸಿಕೊಂಡು ಏನೂ ಕೊಡದವರು ನಿಮಗೆ ಕಲಿಸುವ ಮನಸ್ಸಿನವರಲ್ಲ.

ಹಣ ಬರುವ ದಾರಿ

ಪ್ಯಾನ್ ಕಾರ್ಡ್ ಮತ್ತು ಅದೇ ಹೆಸರಿನ ಬ್ಯಾಂಕ್ ಖಾತೆ ಮೊದಲು ಬೇಕು. ಪೇಪಾಲ್ ಭಾರತದೊಳಗಿನ ಪಾವತಿಗಳನ್ನು 2021ರ ಏಪ್ರಿಲ್‌ನಲ್ಲಿ ನಿಲ್ಲಿಸಿದರೂ ಹೊರದೇಶದಿಂದ ಬರುವ ಹಣಕ್ಕೆ ಈಗಲೂ ನಡೆಯುತ್ತದೆ. ಪೇಯೋನೀರ್ ಮತ್ತು ವೈಸ್ ಉಳಿದ ದಾರಿಗಳು. ನೇರವಾಗಿ ಬ್ಯಾಂಕಿಗೆ ಹಾಕಿಸಿಕೊಳ್ಳುವುದಾದರೆ, ಹೊರದೇಶದ ಪಾವತಿಗಳಲ್ಲಿ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ಬೇಕು. ಎಲ್ಲ ಶಾಖೆಗಳಿಗೂ ಅದು ಇರುವುದಿಲ್ಲವಾದ್ದರಿಂದ ಮ್ಯಾನೇಜರರನ್ನು ಕೇಳಿ. ಹಣ ಬಂದಾಗ ಅದು ಯಾವ ಸೇವೆಗೆ ಎಂದು ತಿಳಿಸುವ ಪರ್ಪಸ್ ಕೋಡ್ ಅನ್ನು ಸರಿಯಾಗಿ ಆರಿಸಿ, ಕೆಲಸದ ಹಣವನ್ನು ಕುಟುಂಬದವರು ಕಳಿಸಿದ ಹಣವೆಂದು ಬರೆಯಬೇಡಿ. ಶುಲ್ಕ ಮತ್ತು ವಿನಿಮಯ ದರದಲ್ಲಿ ಕಡಿತವಾಗುವುದರಿಂದ ಸಣ್ಣ ಮೊತ್ತವನ್ನು ವಾರವಾರ ಪಡೆಯುವ ಬದಲು ತಿಂಗಳಿಗೊಮ್ಮೆ ಪಡೆಯುವುದು ಲಾಭ.

ಅಮೆರಿಕದ ಕಂಪನಿ ಡಬ್ಲ್ಯು-8ಬೆನ್ ಎಂಬ ಫಾರ್ಮ್ ಕೇಳಿದರೆ ಅದು ಮೋಸವಲ್ಲ; ನೀವು ಅಮೆರಿಕದ ನಿವಾಸಿಯಲ್ಲವೆಂದು ತಿಳಿಸುವ ಸಾಮಾನ್ಯ ದಾಖಲೆ. ಹೊರದೇಶದಿಂದ ಬಂದ ಹಣಕ್ಕೂ ಇಲ್ಲಿ ಆದಾಯ ತೆರಿಗೆ ಅನ್ವಯಿಸುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಹಣಕಾಸು ವರ್ಷದಿಂದ ಮೂಲ ವಿನಾಯಿತಿ ಮಿತಿ 4 ಲಕ್ಷ ರೂಪಾಯಿ ಆಗಿರುವುದರಿಂದ ಇಂಟರ್ನ್‌ನ ಸ್ಟೈಪೆಂಡ್ ಮಾತ್ರವೇ ಆದಾಯವಾಗಿರುವವರಿಗೆ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಆದರೂ ಪ್ರತಿ ಪಾವತಿಯ ರಸೀದಿ, ಇನ್‌ವಾಯ್ಸ್ ತೆಗೆದಿಡಿ, ವರ್ಷಕ್ಕೊಮ್ಮೆ ಊರಿನ ತೆರಿಗೆ ಸಲಹೆಗಾರರಿಗೆ ತೋರಿಸಿ.

ಸೇರಿದ ಮೇಲೆ

ಮೊದಲ ವಾರದಲ್ಲಿ ಹೊಸ ಐಡಿಯಾ ಕೊಡುವ ಆತುರ ಬೇಡ. ಇರುವ ವರದಿಗಳನ್ನು ಓದಿ, ಯಾವ ಪದಕ್ಕೆ ಆ ಕಂಪನಿಯಲ್ಲಿ ಏನರ್ಥ ಎಂದು ಕೇಳಿ. ನೀವು ಮಲಗುವ ಹೊತ್ತಿಗೆ ಅವರು ಇನ್ನೂ ಕೆಲಸದಲ್ಲಿ ಇರುವುದರಿಂದ ದಿನದ ಕೊನೆಗೆ ಮೂರು ಸಾಲಿನ ಟಿಪ್ಪಣಿ ಕಳಿಸುವ ರೂಢಿ ಮಾಡಿಕೊಳ್ಳಿ: ಇಂದು ಮುಗಿಸಿದ್ದು, ನಾಳೆ ಮಾಡುವುದು, ಎಲ್ಲಿ ಸಿಕ್ಕಿಕೊಂಡಿದ್ದೇನೆ. ಮೂರನೆಯ ಸಾಲು ಬರೆಯಲು ನಮ್ಮವರು ಬಹಳ ಸಂಕೋಚಪಡುತ್ತಾರೆ. ತಿಳಿಯದ್ದನ್ನು ಎರಡು ದಿನ ಒಳಗೇ ಇಟ್ಟುಕೊಂಡರೆ ಕಂಪನಿಗೆ ಎರಡು ದಿನ ನಷ್ಟ. ಕೇಳಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಹೌದು ಸರ್ ಎಂದು ಒಪ್ಪಿಕೊಂಡು ಆಮೇಲೆ ಆಗಲಿಲ್ಲ ಎನ್ನುವುದು ಹೆಸರು ಕೆಡಿಸುತ್ತದೆ. ಶುಕ್ರವಾರದೊಳಗೆ ಆಗುವುದಿಲ್ಲ, ಸೋಮವಾರ ಕೊಡುತ್ತೇನೆ ಎಂದು ಬುಧವಾರವೇ ಹೇಳುವವರನ್ನು ಅಲ್ಲಿ ಗೌರವಿಸುತ್ತಾರೆ.

ಗ್ರಾಹಕರ ಮಾಹಿತಿಯ ವಿಷಯದಲ್ಲಿ ಸಲಿಗೆ ಬೇಡ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಕಾನೂನು ಜನರ ಇಮೇಲ್, ಫೋನ್ ಸಂಖ್ಯೆಗಳನ್ನು ಬಳಸಲು ಕಟ್ಟುನಿಟ್ಟಾದ ಷರತ್ತು ಹಾಕಿದೆ. ನೀವು ಭಾರತದಲ್ಲಿ ಕೂತಿದ್ದರೂ ಕಂಪನಿ ಅದಕ್ಕೆ ಬದ್ಧ. ಇಮೇಲ್ ಪಟ್ಟಿಯನ್ನು ಸ್ವಂತ ಪೆನ್‌ಡ್ರೈವಿಗೆ ಇಳಿಸಿಕೊಳ್ಳುವುದು, ಗೆಳೆಯರ ಲ್ಯಾಪ್‌ಟಾಪಿನಲ್ಲಿ ತೆರೆಯುವುದು, ಚಾಟ್‌ಜಿಪಿಟಿಯಂಥ ಸಾಧನಕ್ಕೆ ಗ್ರಾಹಕರ ವಿವರ ಹಾಕುವುದು ಯಾವುದೂ ಕೂಡದು. ಅಂಥ ಸಾಧನಗಳನ್ನು ಬರವಣಿಗೆಗೆ ಬಳಸುವ ಮೊದಲೂ ಮೇಲ್ವಿಚಾರಕರನ್ನು ಕೇಳಿ, ಬಳಸಿದ್ದರೆ ಮುಚ್ಚಿಡದೆ ಹೇಳಿ.

ಅವಧಿ ಮುಗಿಯುವ ಎರಡು ವಾರ ಮೊದಲೇ ಪ್ರಮಾಣಪತ್ರವನ್ನೂ ಲಿಂಕ್ಡ್‌ಇನ್‌ನಲ್ಲಿ ಶಿಫಾರಸನ್ನೂ ಕೇಳಿಕೊಳ್ಳಿ. ಕಾಲೇಜಿನ ನಮೂನೆಯಲ್ಲಿ ಸಹಿ ಬೇಕಿದ್ದರೆ ಅದನ್ನೂ ಆಗಲೇ ಕಳಿಸಿ. ನಡೆಯುತ್ತಿರುವ ಕೆಲಸಗಳ ಪಟ್ಟಿ, ಫೈಲುಗಳು ಇರುವ ಜಾಗ, ಮುಂದೆ ಬರುವ ದಿನಾಂಕಗಳು ಇವನ್ನು ಒಂದು ಪುಟದಲ್ಲಿ ಬರೆದು ಒಪ್ಪಿಸಿ. ಎಲ್ಲ ಖಾತೆಗಳಿಂದ ನಿಮ್ಮ ಪ್ರವೇಶಾಧಿಕಾರವನ್ನು ತೆಗೆದುಹಾಕುವಂತೆ ನೀವೇ ನೆನಪಿಸಿ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿದಿರುವ ಕಂಪನಿಯ ಫೈಲುಗಳನ್ನು ಅಳಿಸಿ, ಅಳಿಸಿದ್ದೇನೆಂದು ಒಂದು ಸಾಲು ಬರೆದು ತಿಳಿಸಿ.